ಚಾಪೆಯ ಮೇಲೆ ಸಿಗದ ಜಾಗ

ಇದನ್ನು ಹೇಳುವುದನ್ನು ನಾನು ಬಹಳ ಕಾಲ ಮುಂದೂಡಿದ್ದೇನೆ. ಕಣ್ಣಿನ ಪೊರೆಯ ಆಪರೇಷನ್ ಆಗಲಿ ಎಂದುಕೊಂಡೆ, ಆಯಿತು. ಮಳೆಗಾಲ ಮುಗಿದು ಬೆರಳ ಗಂಟಿನ ನೋವು ಇಳಿಯಲಿ ಎಂದುಕೊಂಡೆ, ಇಳಿಯಿತು. ನಡುವೆ ಮುಂಬಯಿಯ ನಮ್ಮ ಕನ್ನಡ ಸಂಘದವರು ಸ್ಮರಣ ಸಂಚಿಕೆಗೆ ಸಂಘದ ಶಾಲೆಯ ಬಗ್ಗೆ ನಾಲ್ಕು ಪುಟ ಬರೆದುಕೊಡಿ ಎಂದು ಕೇಳಿದರು. ಅದನ್ನು ಮಾತ್ರ ಒಂದೇ ಸಲ ಕೂತು ಬರೆದುಕೊಟ್ಟೆ. ಶಾಲೆಗೆ ಟ್ಯಾಬ್‌ಗಳು ಬಂದದ್ದು, ಗೋಡೆಗೆ ದೊಡ್ಡ ಪರದೆ ಹಾಕಿಸಿದ್ದು, ಮಕ್ಕಳು ಕಣ್ಣರಳಿಸಿ ನೋಡಿದ್ದು ಎಲ್ಲ ಅದರಲ್ಲಿತ್ತು. ಸುಳ್ಳೆನ್ನುವಂಥದ್ದು ಒಂದು ಸಾಲೂ ಇರಲಿಲ್ಲ. ಓದಿದವರು ಚೆನ್ನಾಗಿದೆ ಎಂದರು. ಆ ನಾಲ್ಕು ಪುಟದಲ್ಲಿ ನಾನು ಬಿಟ್ಟದ್ದನ್ನು ಈಗ ಬರೆಯುತ್ತಿದ್ದೇನೆ.

ನಾನು ಹೆಚ್ಚು ಓದಿದವನಲ್ಲ. ಉಡುಪಿಯ ಕಡೆಯಿಂದ ಹುಡುಗನಾಗಿದ್ದಾಗಲೇ ಮುಂಬಯಿಗೆ ಬಂದು ಹೋಟೆಲು ಸೇರಿದೆ. ಟೇಬಲ್ ಒರೆಸುತ್ತ, ಆಮೇಲೆ ಸಪ್ಲೈ ಮಾಡುತ್ತ, ಅಲ್ಲಿನ ಫೋರ್ಟ್ ಭಾಗದ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ ಎಸ್ಸೆಸ್ಸಿ ಪಾಸಾದೆ. ಅಷ್ಟೇ ನನ್ನ ವಿದ್ಯೆ. ಆ ಶಾಲೆಯಲ್ಲಿ ನಾವು ಹೋಟೆಲು ಹುಡುಗರು ಒಂದು ಪದ್ಧತಿ ಇಟ್ಟುಕೊಂಡಿದ್ದೆವು. ಸಂಜೆಯ ಗಿರಾಕಿಗಳು ಕರಗದೆ ಒಬ್ಬನಿಗೆ ಬರಲಾಗದಿದ್ದರೆ, ಮಾಸ್ತರರು ಹಾಜರಿ ಕರೆಯುವಾಗ ಬಂದವನು ಅವನ ಬದಲು 'ಹಾಜರ್ ಸಾರ್' ಎನ್ನಬೇಕು. ದನಿಯನ್ನು ಸ್ವಲ್ಪ ದಪ್ಪ ಮಾಡುವುದೋ ಮೂಗಿನಲ್ಲಿ ಹೇಳುವುದೋ ಅವರವರ ಜಾಣತನ. ಮಾಸ್ತರರಿಗೆ ತಿಳಿಯುತ್ತಿತ್ತು. ಅವರೂ ಹಗಲೆಲ್ಲ ಬೇರೆ ಕಡೆ ದುಡಿದು ಬರುತ್ತಿದ್ದವರು. ತಲೆ ಎತ್ತದೆ ಮುಂದಿನ ಹೆಸರಿಗೆ ಹೋಗುತ್ತಿದ್ದರು. ಹಾಜರಿ ಮಾತ್ರವಲ್ಲ, ದೋಸೆ ಕಾವಲಿಯ ಮುಂದೆ ನಿಂತಿರುವವನ ಮನೆಪಾಠವನ್ನೂ ಕ್ಲಾಸಿಗೆ ಬಂದವನೇ ಬರೆದಿಡುತ್ತಿದ್ದ. 'ಅವ ನನ್ನ ಬದಲು ಹೇಳಿದ' ಎಂದರೆ ನಮ್ಮಲ್ಲಿ ಅದಕ್ಕಿಂತ ದೊಡ್ಡ ಸ್ನೇಹವಿರಲಿಲ್ಲ.

ಎಲ್ಲರಿಗಿಂತ ಹೆಚ್ಚಾಗಿ ನಾವು ಒಬ್ಬನ ಬದಲು ಹೇಳುತ್ತಿದ್ದೆವು. ಸಭ್ಯ ಹುಡುಗ, ಎಲ್ಲರಿಗೂ ಬೇಕಾದವನು. ಪರೀಕ್ಷೆಯ ದಿನ ಅವನ ಬದಲು ಕೂರಲು ಯಾರಿಗೂ ಆಗಲಿಲ್ಲ. ಅವನು ಫೇಲಾಗಿ, ಕೊನೆಯವರೆಗೂ ಕಪ್ಪು-ಬಸಿ ತೊಳೆಯುತ್ತಲೇ ಇದ್ದು ಊರಿಗೆ ಹೋದ. ಅವನನ್ನು ನಾನು ನೆನಪಿಡಬೇಕಿತ್ತು. ನೆನಪಿಟ್ಟದ್ದು 'ಹಾಜರ್ ಸಾರ್' ಎಂಬ ತಮಾಷೆಯನ್ನು ಮಾತ್ರ.

ಬಾಂದ್ರಾದ ಒಂದು ಹೋಟೆಲಿನಲ್ಲಿ ಕೌಂಟರಿನವರೆಗೆ ಏರಿ ಅಲ್ಲಿಂದಲೇ ನಿವೃತ್ತನಾದೆ. ಹೆಂಡತಿ ತೀರಿಕೊಂಡ ಮೇಲೆ ಆಂಟಾಪ್ ಹಿಲ್ಲಿನ ನಮ್ಮ ಮನೆಯಲ್ಲಿ ಉಳಿದವರು ನಾನು, ಮಗ, ಸೊಸೆ, ಮೊಮ್ಮಗಳು. ಮಗ ನನ್ನದೇ ಕಸುಬಿನವನು. ಅವನು ಮನೆ ಸೇರುವಾಗ ಮಗು ಮಲಗಿರುತ್ತಿತ್ತು. ಸೊಸೆ ಇಲ್ಲೇ ಹುಟ್ಟಿ ಬೆಳೆದವಳು, ಆಫೀಸಿನ ಕೆಲಸ. ಹಾಗಾಗಿ ಶಾಲೆ ಬಿಟ್ಟಲ್ಲಿಂದ ಸೊಸೆ ಲೋಕಲ್ ರೈಲು ಇಳಿದು ಮನೆಗೆ ಬರುವವರೆಗೆ ಮೊಮ್ಮಗಳು ನನ್ನ ಪಾಲಿಗೆ.

ಅವಳನ್ನು ನಮ್ಮ ಸಂಘದ ಕನ್ನಡ ಪ್ರಾಥಮಿಕ ಶಾಲೆಗೆ ಸೇರಿಸಿದವನು ನಾನೇ. ಪ್ರೀತಿಯಿಂದ ಸೇರಿಸಿದೆ ಎಂದು ಬಹಳ ಜನರ ಹತ್ತಿರ ಹೇಳಿಕೊಂಡಿದ್ದೇನೆ. ನಡೆದದ್ದು ಹೀಗೆ. ನಾನು ಶಾಲೆಯ ಕಮಿಟಿಯಲ್ಲಿದ್ದೆ. ಒಂದು ಸಭೆಯಲ್ಲಿ ಮೈಕು ಹಿಡಿದು, ಮಕ್ಕಳನ್ನು ಕನ್ನಡ ಶಾಲೆಗೆ ಕಳಿಸದವರಿಗೆ ಕನ್ನಡದ ಬಗ್ಗೆ ಮಾತಾಡುವ ಹಕ್ಕಿಲ್ಲ ಎಂದೆ. ಹಿಂದಿನ ಸಾಲಿನಿಂದ ಯಾರೋ ಕೇಳಿದರು: "ನಿಮ್ಮ ಪುಳ್ಳಿ ಎಲ್ಲಿಗೆ ಹೋಗುದು ಮಾರಾಯ್ರೆ?" ಸಭೆ ನಕ್ಕಿತು. ಮೊಮ್ಮಗಳಿಗೆ ಆಗ ಶಾಲೆಗೆ ಸೇರುವ ವಯಸ್ಸು. "ಇಲ್ಲಿಗೇ ಬರ್ತಾಳೆ, ನೋಡಿ" ಎಂದುಬಿಟ್ಟೆ. ಮನೆಯಲ್ಲಿ ಯಾರನ್ನೂ ಕೇಳಿರಲಿಲ್ಲ.

ಸೊಸೆ ಕೂಗಾಡಲಿಲ್ಲ. ಅವಳು ಸಿಟ್ಟಾದರೆ ಇನ್ನೂ ಮೆಲ್ಲಗೆ ಮಾತಾಡುವವಳು.

"ಮಾವ, ಅಲ್ಲಿ ಬೆಂಚು ಜಾಸ್ತಿ, ಮಕ್ಕಳು ಕಮ್ಮಿ. ಆಗೇ ಜಾಕೆ ಏನು ಮಾಡ್ತಾಳೆ ಅವಳು?"

"ನಾನು ರಾತ್ರಿ ಶಾಲೆಯಲ್ಲಿ ಕನ್ನಡದಲ್ಲೇ ಓದಿದ್ದು. ನನಗೆ ಎಂತ ಆಗಿದೆ ಈಗ?"

"ನಿಮಗೆ ಏನೂ ಆಗಿಲ್ಲ ಮಾವ. ನೀವು ಕೌಂಟರ್‌ನಲ್ಲಿ ಇದ್ರಿ." ಅವಳು ಪರ್ಸನ್ನು ಮೇಜಿನ ಮೇಲಿಟ್ಟಳು. "ಓಕೆ. ಎರಡನೇ ಕ್ಲಾಸ್ ಮುಗಿಯೋ ತನಕ ನೋಡ್ತೇನೆ. ಅವಳಿಗೆ ಓದ್ಲಿಕ್ಕೆ ಬಂದ್ರೆ ಅಲ್ಲೇ ಇರ್ಲಿ. ಬರ್ಲಿಲ್ಲ ಅಂದ್ರೆ ನಾನು ತೆಗಿತೇನೆ. ಫಿರ್ ಆಪ್ ಕುಛ್ ನಹೀ ಬೋಲೇಂಗೆ."

ಆಮೇಲೆ ಏನೂ ಹೇಳುವುದಿಲ್ಲ ಎಂದು ನಾನು ಒಪ್ಪಿದೆ. ಆ ದಿನದಿಂದ ಮಗುವಿನ ಓದು ಮಗುವಿನದಾಗಿ ಉಳಿಯಲಿಲ್ಲ. ಅದು ನನ್ನ ಮತ್ತು ಸೊಸೆಯ ನಡುವಿನ ಪಂದ್ಯವಾಯಿತು.

ಒಂದನೇ ತರಗತಿ ಹೇಗೋ ಕಳೆಯಿತು. ಅವಳು ಅಕ್ಷರ ಗುರುತಿಸುತ್ತಿದ್ದಳು, ಆದರೆ ಒಂದಕ್ಕೊಂದು ಸೇರಿಸುವಾಗ ತಡವರಿಸುತ್ತಿದ್ದಳು. ಅವಳ ಜೊತೆಯ ಹೆಚ್ಚಿನ ಮಕ್ಕಳೂ ಹಾಗೇ ಇದ್ದರು. ಎರಡನೇ ತರಗತಿಗೆ ಹೊಸ ಟೀಚರ್ ಬಂದರು. ವಿಜಯಪುರದ ಕಡೆಯ ಮುಸ್ಲಿಂ ಕುಟುಂಬ, ಮನೆ ಧಾರಾವಿಯಲ್ಲಿ, ತಂದೆಗೆ ಚರ್ಮದ ಚೀಲ ಹೊಲಿಯುವ ಕೆಲಸ. ಮನೆಯಲ್ಲಿ ದಖನಿ ಉರ್ದು, ಶಾಲೆಯಲ್ಲಿ ವಿಜಯಪುರದ ಕನ್ನಡ. ಆ ವರ್ಷವೇ ಸಂಘದ ಅಧ್ಯಕ್ಷರು, ಹಲವು ಹೋಟೆಲುಗಳ ಧಣಿ, ಶಾಲೆಗೆ ಟ್ಯಾಬ್‌ಗಳನ್ನು ಕೊಡಿಸಿದರು. ಅದರಲ್ಲಿ ಕನ್ನಡ ಓದು ಕಲಿಸುವ ಒಂದು ಆಪ್ ಇತ್ತು.

ಆಪ್ ಕೆಟ್ಟದ್ದಾಗಿರಲಿಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು, ಯಾಕೆಂದರೆ ಆಮೇಲೆ ನಾನು ಎಷ್ಟೋ ಜನರ ಮುಂದೆ ಅದನ್ನೇ ಬೈದಿದ್ದೇನೆ. ಒಂದು ಚಿತ್ರ ಬರುತ್ತದೆ, ಕೆಳಗೆ ಮೂರು ಪದ. ಸರಿಯಾದದ್ದನ್ನು ಒತ್ತಿದರೆ ಒಂದು ಗಿಳಿ ಮರದಲ್ಲಿ ಮೇಲಿನ ಕೊಂಬೆಗೆ ಹಾರುತ್ತದೆ. ಮಗು ಸರಿ ಮಾಡುತ್ತ ಹೋದಂತೆ ಪಾಠ ಕಷ್ಟವಾಗುತ್ತದೆ. ಪದದಿಂದ ಸಾಲು, ಸಾಲಿನಿಂದ ಕಥೆ. ತಪ್ಪಾದರೆ ಅದು ತಾನಾಗಿ ಹಿಂದೆ ಬಂದು ಸುಲಭದ್ದನ್ನು ಕೊಡುತ್ತದೆ. ಮನೆಯಲ್ಲಿರುವ ಮೊಬೈಲ್ ಫೋನಿನಲ್ಲಿಯೂ ಅದೇ ಪಾಠ ಮುಂದುವರಿಸಬಹುದು. ಟೀಚರ್‌ಗೆ ತಮ್ಮ ಟ್ಯಾಬಿನಲ್ಲಿ ಪ್ರತಿ ಮಗುವಿನ ಎದುರು ಒಂದು ಚುಕ್ಕಿ ಕಾಣುತ್ತದೆ: ಹಸಿರು, ಹಳದಿ, ಕೆಂಪು. ತಾಯಿತಂದೆಯ ಫೋನಿಗೂ ಸಂಜೆ ಒಂದು ಸಂದೇಶ ಹೋಗುತ್ತದೆ.

ಟೀಚರ್ ಅದನ್ನು ಬಳಸುತ್ತಿದ್ದ ರೀತಿ ಮೊದಲ ಪಾಲಕರ ಸಭೆಯಲ್ಲಿ ತೋರಿಸಿದರು. ಬೆಳಿಗ್ಗೆ ಹಸಿರು ಚುಕ್ಕಿಯ ಮಕ್ಕಳು ಬೆಂಚಿನಲ್ಲಿ ಟ್ಯಾಬ್ ಹಿಡಿದು ತಾವೇ ಓದಿಕೊಳ್ಳುತ್ತಾರೆ. ಹಳದಿ, ಕೆಂಪಿನವರು ಕಿಟಕಿಯ ಪಕ್ಕ ಹಾಸಿದ ಚಾಪೆಯ ಮೇಲೆ ಟೀಚರ್ ಜೊತೆ ಅರ್ಧ ತಾಸು ಕೂರುತ್ತಾರೆ. ಅಲ್ಲಿ ಟೀಚರ್ ಇಂಟರ್‌ನೆಟ್ಟಿನಿಂದ ಹುಡುಕಿದ ಹಕ್ಕಿಯ ಕೂಗು ಕೇಳಿಸಿ ಅದರ ಹೆಸರು ಬರೆಸುತ್ತಿದ್ದರು; ಮಕ್ಕಳು ತಾವೇ ಹೇಳಿದ ಕಥೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ದೊಡ್ಡ ಅಕ್ಷರದಲ್ಲಿ ಪರದೆಯ ಮೇಲೆ ಬರೆದು, ಅವರಿಂದಲೇ ಓದಿಸುತ್ತಿದ್ದರು.

"ಈ ಚುಕ್ಕಿ ಯಾಕ ಐತಿ ಅಂದ್ರ, ನಾ ಯಾರ ಬಾಜೂಕ ಕೂಡಬೇಕು ಅಂತ ನನಗ ತಿಳೀಲಿಕ್ಕರೀ" ಎಂದರು ಟೀಚರ್. "ಹಸಿರು ಅಂದ್ರ ಬಹುಮಾನ ಅಲ್ಲ, ಕೆಂಪು ಅಂದ್ರ ಶಿಕ್ಷಾ ಅಲ್ಲ. ಮನ್ಯಾಗ ಕೂಸು ತಪ್ಪು ಒತ್ತಿದ್ರ ಒತ್ತಲಿ, ಬಿಡ್ರಿ. ತಪ್ಪು ಒತ್ತಿದ್ರ ನನಗ ಛಲೋ."

ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ.

ಮೊದಲ ವಾರಗಳಲ್ಲಿ ಮೊಮ್ಮಗಳ ಚುಕ್ಕಿ ಹಳದಿ. ಅವಳು ಚಾಪೆಯ ಮೇಲೆ ಕೂರುತ್ತಿದ್ದಳು, ಮನೆಗೆ ಬಂದು ಕೋಗಿಲೆಯಂತೆ ಕೂಗುತ್ತಿದ್ದಳು. ಸೊಸೆ ತನ್ನ ಫೋನಿನ ಸಂದೇಶ ನೋಡುತ್ತಿದ್ದಳು. ಫೋನನ್ನು ನನ್ನ ಕಡೆ ತಿರುಗಿಸಿ ಮೇಜಿನ ಮೇಲೆ ಇಡುತ್ತಿದ್ದಳು, ಅಷ್ಟೇ.

ಒಂದು ಸಂಜೆ ಪರದೆಯ ಮೇಲೆ ಬುಟ್ಟಿಯ ಚಿತ್ರವಿತ್ತು. ಮಗುವಿನ ಬೆರಳು ತಪ್ಪು ಪದದ ಮೇಲೆ ಇಳಿಯುವುದರಲ್ಲಿತ್ತು. ಸೊಸೆ ಬರುವ ಹೊತ್ತು. ನಾನು ಅವಳ ಬೆರಳನ್ನು ಹಿಡಿದು ಪಕ್ಕಕ್ಕೆ ಸರಿಸಿ ಸರಿಯಾದದ್ದನ್ನು ಒತ್ತಿದೆ. ಗಿಳಿ ಹಾರಿತು.

"ಅಜ್ಜ, ಮಿಠ್ಠು ಊಪರ್ ಗಯಾ" ಎಂದಳು ಖುಷಿಯಿಂದ.

ಅಂದು ಸುರುವಾದದ್ದು. ಒಂದೆರಡು ದಿನ ಬೆರಳು ಸರಿಸಿದೆ. ಆಮೇಲೆ ಕಿವಿಯಲ್ಲಿ ಹೇಳಿದೆ. ಆಮೇಲೆ ಫೋನು ನನ್ನ ಕೈಗೇ ಬಂತು. ಅಕ್ಕಿಯಲ್ಲಿ ಕಲ್ಲು ಆರಿಸಿದಷ್ಟು ಸಲೀಸಾಗಿ ನಾನು ಎರಡನೇ ತರಗತಿಯ ಪಾಠ ಮಾಡುತ್ತಿದ್ದೆ. ಕಷ್ಟದ ಪಾಠ ಬಂದಾಗ ಕನ್ನಡಕ ಒರೆಸಿ, ಕಾಲು ಮಡಚಿ, ಮನಸ್ಸಿಟ್ಟು ಕೂರುತ್ತಿದ್ದೆ. ಗಿಳಿ ಹಾರಿದಾಗ ಎದೆಯಲ್ಲಿ ಏನೋ ಹಿತವಾಗುತ್ತಿತ್ತು. ಜೀವನದಲ್ಲಿ ನನ್ನ ಓದನ್ನು ಅಷ್ಟು ಸಲ ಯಾರೂ ಮೆಚ್ಚಿರಲಿಲ್ಲ. ಮೊಮ್ಮಗಳು ಪಕ್ಕದಲ್ಲಿ ಕೂತು ಬಟಾಣಿ ಸುಲಿಯುತ್ತ ನೋಡುತ್ತಿದ್ದಳು.

"ಅಜ್ಜ, ನಂಗೂ ಒಂದು ಕೊಡಿ ನಾ."

"ತಡಿ ಪುಟ್ಟ, ಇದು ಕಷ್ಟದ್ದುಂಟು."

"ಈಸೀ ವಾಲಾ ಬಂದ್ರೆ ಕೊಡ್ತೀರಾ?"

"ಕೊಡ್ತೇನೆ."

ಸುಲಭದ್ದು ಬರುತ್ತಿರಲಿಲ್ಲ. ನಾನು ತಪ್ಪು ಮಾಡಿದರಲ್ಲವೇ ಸುಲಭದ್ದು ಬರುವುದು. ತನ್ನ ಪಾಠವನ್ನು ತನಗೊಂದು ಕೊಡಿ ಎಂದು ಮಗು ಬೇಡುತ್ತಿತ್ತು, ನಾನು ಕೊಡುತ್ತಿರಲಿಲ್ಲ. ಸಮಾಧಾನಕ್ಕೆ ನನ್ನ ರಾತ್ರಿ ಶಾಲೆಯ ಕಥೆ ಹೇಳುತ್ತಿದ್ದೆ. ಮೂಗು ಹಿಡಿದು 'ಹಾಜರ್ ಸಾರ್' ಎಂದರೆ ಅವಳು ಬಟಾಣಿಯ ತಟ್ಟೆ ಬಿಟ್ಟು ಉರುಳಾಡಿ ನಗುತ್ತಿದ್ದಳು. "ನಮ್ಮವರಿಗೆ ಕಷ್ಟ ಬಂದಾಗ ನಾವು ಅವರ ಬದಲು ಹೇಳ್ಬೇಕು, ಗೊತ್ತುಂಟಾ?" ಎಂದು ನಾನೇ ಕಲಿಸಿದ್ದೆ.

ಚುಕ್ಕಿ ಹಸಿರಾಯಿತು. ಸೊಸೆ ಈಗ ಫೋನನ್ನು ಪರ್ಸಿನಲ್ಲೇ ಇಡುತ್ತಿದ್ದಳು. ಮಗನ ಹತ್ತಿರ ಮಾತ್ರ ಒಂದು ದಿನ, "ಮಾವ ಸಹೀ ಥೇ ಶಾಯದ್", ಮಾವ ಹೇಳಿದ್ದೇ ಸರಿಯೇನೋ, ಎಂದದ್ದು ನನ್ನ ಕಿವಿಗೆ ಬಿತ್ತು. ಅಂದು ನಾನು ಎರಡು ಬಟ್ಟಲು ಪಾಯಸ ಉಂಡೆ.

ಹಸಿರಾದ ಕಾರಣ ಶಾಲೆಯಲ್ಲಿ ಅವಳು ಚಾಪೆ ಬಿಟ್ಟು ಬೆಂಚಿಗೆ ಹೋದಳು. ಕೈಯಲ್ಲಿ ಟ್ಯಾಬ್, ಟ್ಯಾಬಿನಲ್ಲಿ ನನ್ನ ಮಟ್ಟದ ಪಾಠ. ಅವಳು ಒಂದು ಸಾಲೂ ಓದಲಾರದೆ ಎಲ್ಲಿ ಬೇಕೆಂದರಲ್ಲಿ ಒತ್ತುತ್ತಿದ್ದಳಂತೆ. ಬೆಳಿಗ್ಗೆ ಅವಳು ಕೆಳಗಿಳಿಸಿದ ಗಿಳಿಯನ್ನು ಸಂಜೆ ನಾನು ಮೇಲೆ ಹತ್ತಿಸುತ್ತಿದ್ದೆ, ಚುಕ್ಕಿ ಹಸಿರಾಗಿಯೇ ಉಳಿಯುತ್ತಿತ್ತು.

ಟೀಚರ್ ಅದನ್ನು ಗಮನಿಸಿದರು. ಒಂದು ಮಧ್ಯಾಹ್ನ ನಾನು ಕರೆದೊಯ್ಯಲು ಹೋದಾಗ ಗೇಟಿನ ಹತ್ತಿರ ನಿಲ್ಲಿಸಿದರು.

"ಅಜ್ಜಾರ, ಒಂದು ಮಾತು ಕೇಳ್ಲೇನ್ರಿ? ಮನ್ಯಾಗ ಅಕಿ ಜೋಡಿ ಯಾರರ ಕೂಡ್ತಾರೇನ್ರಿ?"

"ಯಾರೂ ಇಲ್ಲ. ಅವಳೇ ಮಾಡುದು. ನಾನು ಅಡುಗೆಮನೆಯಲ್ಲಿ ಇರ್ತೇನೆ."

"ಇಲ್ಲಿ ಅಕೀಗೆ 'ಅಣ್ಣ' ಅಂತ ಬರದ್ರೂ ಓದಾಕ ಬರವಲ್ದು. ಮನ್ಯಾಗ ದೊಡ್ಡ ದೊಡ್ಡ ಕಥಿ ಓದ್ಯಾಳ."

"ಹಾಗಾದ್ರೆ ಇಲ್ಲಿ ಎಂತದೋ ಸರಿ ಇಲ್ಲ. ಮನೆಯಲ್ಲಿ ಓದುವವಳು ಶಾಲೆಯಲ್ಲಿ ಓದುದಿಲ್ಲ ಅಂದ್ರೆ ತಪ್ಪು ಯಾರದ್ದು ಮಾರಾಯ್ತಿ?"

ಅವರ ಮುಖ ಕೆಂಪಾಯಿತು. ಆದರೂ ಮೆತ್ತಗೆ ಹೇಳಿದರು: "ತಪ್ಪು ನನ್ನದಾಗಲಿ ಬಿಡ್ರಿ. ನಾಳಿಂದ ನಾ ಅಕೀನ್ನ ಚಾಪಿ ಮ್ಯಾಲ ಕೂಡಿಸ್ಕೋತೀನಿ. ಇನ್ನೂ ಟೈಮ್ ಐತಿ, ಕಲೀತಾಳ."

ಅಲ್ಲಿಯೇ ಮುಗಿಯಬಹುದಿತ್ತು. ನಾನು ಹೂಂ ಎಂದಿದ್ದರೆ ಸಾಕಿತ್ತು; ತಪ್ಪು ಒಪ್ಪಿಕೊಳ್ಳುವುದೂ ಬೇಕಿರಲಿಲ್ಲ. ಮಗು ಚಾಪೆಗೆ ಹೋಗುತ್ತಿತ್ತು, ಓದು ಕಲಿಯುತ್ತಿತ್ತು. ಆದರೆ ನಾನು ಬೇಡ ಎಂದೆ. ಚಾಪೆಗೆ ಹೋದರೆ ಸೊಸೆಗೆ ತಿಳಿಯುತ್ತದೆ. ಕಮಿಟಿಯವನ ಮೊಮ್ಮಗಳು, ಈಗಷ್ಟೇ ಊರಿಂದ ಬಂದ ಕೂಲಿಯವರ ಮಕ್ಕಳ ಜೊತೆ ನೆಲದ ಮೇಲೆ. ಹೌದು, ಆ ಮಾತೂ ನನ್ನ ಮನಸ್ಸಿನಲ್ಲಿತ್ತು. ಸ್ವತಃ ಹೋಟೆಲಿನ ನೆಲದ ಮೇಲೆ ಮಲಗಿ ದೊಡ್ಡವನಾದವನಿಗೆ.

ಮುಂದಿನ ಕಮಿಟಿ ಸಭೆಯಲ್ಲಿ ನಾನು ವಿಷಯ ಎತ್ತಿದೆ. ಮೊಮ್ಮಗಳ ಹೆಸರು ಮೊದಲು ಹೇಳಲಿಲ್ಲ. ಟೀಚರ್ ಚುಕ್ಕಿಯ ಪ್ರಕಾರ ನಡೆಯುತ್ತಿಲ್ಲ, ಮನಸ್ಸಿಗೆ ಬಂದಂತೆ ಮಕ್ಕಳನ್ನು ಕೂರಿಸುತ್ತಾರೆ ಎಂದೆ. ಟೀಚರನ್ನು ಒಳಗೆ ಕರೆಸಿದರು. ಕುರ್ಚಿ ಖಾಲಿ ಇದ್ದರೂ ಕೂರಿ ಎಂದು ಯಾರೂ ಹೇಳಲಿಲ್ಲ.

ಅಧ್ಯಕ್ಷರು ಕೇಳಿದರು: "ಅಲ್ಲಮ್ಮ, ಮಿಷನ್ ಒಂದು ಹೇಳುದು, ಟೀಚರ್ ಒಂದು ಹೇಳುದು ಅಂತಾದ್ರೆ ನಾವು ಮಿಷನ್ ತಂದದ್ದು ಎಂತಕ್ಕೆ?"

"ಸರ್, ಮಿಷನ್‌ಗೆ ಬಟನ್ ಯಾರು ಒತ್ತ್ಯಾರ ಅಂತ ಕಾಣಂಗಿಲ್ರಿ. ನನಗ ಕೂಸಿನ ಮಾರಿ ಕಾಣ್ತೈತಿ."

"ಅಂದ್ರೆ ನಮ್ಮ ಮನೆಯವರು ಮೋಸ ಮಾಡ್ತಾರೆ ಅಂತಲಾ?" ಎಂದೆ ನಾನು. ದನಿ ನಡುಗುತ್ತಿತ್ತು. ನೋಡಿದವರಿಗೆ ಅದು ನೊಂದವನ ದನಿಯ ಹಾಗೆ ಕೇಳಿಸಿರಬೇಕು.

"ನಾ ಹಂಗ ಅಂದಿಲ್ರಿ. ಅರ್ಧಾ ತಾಸು ಅಕೀನ್ನ ನನ್ನ ಬಾಜೂಕ ಕೂಡಿಸ್ರಿ ಅಂದೆ. ಅಷ್ಟ."

"ಹಸಿರಿನವರನ್ನು ಕೆಂಪಿನವರ ಜೊತೆ ಕೂರಿಸಿದ್ರೆ ಮಗುವಿನ ಮನಸ್ಸಿಗೆ ಎಂತ ಆಗ್ಬೇಡ?" ಎಂದೆ.

ಪಕ್ಕದ ಸದಸ್ಯರೊಬ್ಬರು ವಾತಾವರಣ ತಿಳಿಗೊಳಿಸಲು ನೋಡಿದರು. "ಮಗುವಿಗೆ ಅಜ್ಜನ ತಲೆ ಬಂದಿದೆ ಮಾರಾಯ್ರೆ. ಕೌಂಟರಿನಲ್ಲಿ ಕೂತ ತಲೆ. ಹಸಿರಾಗದೆ ಇನ್ನೆಂತ ಆಗುದು?" ಎಲ್ಲರೂ ನಕ್ಕರು. ನಾನೂ ನಕ್ಕೆ. ಇನ್ನು ಮುಂದೆ ಚುಕ್ಕಿ ನೋಡಿಯೇ ಮಕ್ಕಳನ್ನು ಕೂರಿಸಬೇಕೆಂದು ಟೀಚರಿಗೆ ತಾಕೀತು ಮಾಡಿ ಕಳಿಸಿದರು. ಚಾ ಬಂತು, ಜೊತೆಗೆ ಖಾರದ ಕಡ್ಡಿ.

ಆ ವಾರವೇ ಇರಬೇಕು, ಮೊಮ್ಮಗಳು ಬಟಾಣಿ ಸುಲಿಯುವುದನ್ನು ನಿಲ್ಲಿಸಿ ಹೇಳಿದಳು:

"ಅಜ್ಜ, ಟೀಚರ್ ಚಾಪೆ ಮೇಲೆ ಹಾಥೀ ಕೀ ಕಹಾನಿ ಮಾಡ್ತಿದ್ದಾರೆ. ನಂಗೂ ಅಲ್ಲಿ ಬೈಠ್ನಾ ಹೈ."

"ಅದು ಓದ್ಲಿಕ್ಕೆ ಬಾರದವರಿಗೆ ಪುಟ್ಟ."

"ನಂಗೂ ಬರೋದಿಲ್ಲ."

"ಹಾಗೆ ಹೇಳ್ಬಾರ್ದು."

ಅವಳು ನನ್ನ ಮುಖ ನೋಡಿದಳು. ಮತ್ತೆ ಆ ಮಾತು ಎತ್ತಲಿಲ್ಲ.

ವರ್ಷದ ಕೊನೆಗೆ, ಒಂದು ಶನಿವಾರ, ಪಾಲಕರನ್ನು ಕರೆದಿದ್ದರು. ಸೊಸೆ ರಜೆ ಹಾಕಿ ಬಂದಳು. ನಾನು ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ. ಟೀಚರ್ ನಮ್ಮನ್ನು ಚಿಕ್ಕ ಬೆಂಚಿನಲ್ಲಿ ಕೂರಿಸಿ ಟ್ಯಾಬ್ ತೆರೆದು ನಮ್ಮ ಕಡೆ ತಿರುಗಿಸಿದರು. ಅವರ ಕಣ್ಣು ಟ್ಯಾಬಿನ ಮೇಲೆಯೇ ಇತ್ತು.

"ಹಸಿರೈತ್ರಿ."

"ಬಸ್? ಇನ್ನೇನು?" ಎಂದಳು ಸೊಸೆ. "ಹೇಗೆ ಓದ್ತಾಳೆ?"

"ಇದರಾಗ ಹಸಿರೈತ್ರಿ ಮೇಡಂ. ನನಗ ಇದನ್ನ ನೋಡಿ ಹೇಳ್ರಿ ಅಂದಾರ."

ಸೊಸೆ ಆಫೀಸಿನಲ್ಲಿ ಹತ್ತು ಜನರ ಕೆಲಸ ನೋಡುವವಳು. ಒಂದು ಉತ್ತರದ ಒಳಗೆ ಇನ್ನೊಂದು ಉತ್ತರ ಅಡಗಿದ್ದರೆ ಅವಳಿಗೆ ತಿಳಿಯುತ್ತದೆ. ಅವಳು ಮಗುವನ್ನು ಹತ್ತಿರ ಕರೆದು, ಬಾಗಿಲ ಪಕ್ಕದ ಗೋಡೆಯನ್ನು ತೋರಿಸಿದಳು. ಅಲ್ಲಿ ಬಣ್ಣದ ಕಾಗದದಲ್ಲಿ ಕತ್ತರಿಸಿ ಅಂಟಿಸಿದ ಒಂದು ಸಾಲಿತ್ತು: ಚಪ್ಪಲಿ ಹೊರಗೆ ಬಿಡಿ.

"ಬೇಟಾ, ಅದೇನು ಬರೆದಿದೆ? ಓದು."

ಮೊಮ್ಮಗಳು ಗೋಡೆಯನ್ನು ನೋಡಲಿಲ್ಲ. ನನ್ನನ್ನು ನೋಡಿದಳು. ನನ್ನ ತುಟಿ ತಾನಾಗಿ ಅಲುಗಿತು. ಅವಳು ನನ್ನ ತುಟಿ ನೋಡುತ್ತ, "ಚಪ್... ಚಪಾತಿ" ಎಂದಳು.

"ಮಾವ, ನೀವು ಆ ಕಡೆ ತಿರುಗಿ."

ನಾನು ತಿರುಗಿದೆ. ಕಿಟಕಿಯ ಪಕ್ಕ ಚಾಪೆಯನ್ನು ಸುರುಳಿ ಸುತ್ತಿ ನಿಲ್ಲಿಸಿದ್ದರು. ನಾನು ಅದನ್ನು ನೋಡುತ್ತ ನಿಂತೆ. ಹಿಂದಿನಿಂದ ಸೊಸೆಯ ಮೆಲ್ಲಗಿನ ದನಿ: "ಓದು." ಆಮೇಲೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಹೊರಗೆ ಮಕ್ಕಳು ನಲ್ಲಿಯ ಹತ್ತಿರ ಜಗಳಾಡುತ್ತಿದ್ದರು.

"ಹಾಗಾದ್ರೆ ಫೋನಿನಲ್ಲಿ ಯಾರು ಮಾಡಿದ್ದು?" ಸೊಸೆ ಕೇಳಿದಳು. "ಸಚ್ ಬೋಲ್. ಕಿಸ್ನೇ ಕಿಯಾ?"

ನಾನು ಬಾಯಿ ತೆರೆಯಬೇಕಿತ್ತು. ತೆರೆಯುತ್ತೇನೆ ಎಂದುಕೊಂಡೆ ಕೂಡ. ಅಷ್ಟರಲ್ಲಿ ಮೊಮ್ಮಗಳು ಹೇಳಿದಳು:

"ಕೆಳಗಿನ ಮನೆ ದೀದಿ. ನಾನೇ ಫೋನ್ ತೆಗೊಂಡು ಹೋಗಿ ಮಾಡಿಸಿದ್ದು. ಅಜ್ಜ ಅಡುಗೆಮನೇಲಿ ಇದ್ರು."

ನಾನು ಗೇಟಿನ ಹತ್ತಿರ ಟೀಚರಿಗೆ ಹೇಳಿದ ಸುಳ್ಳನ್ನೇ ಅವಳು ಹೇಳಿದಳು. ಆವತ್ತು ನನ್ನ ಕೈ ಹಿಡಿದು ಪಕ್ಕದಲ್ಲೇ ನಿಂತಿದ್ದಳಲ್ಲ. ಮನೆಯವರಿಗೆ ಕಷ್ಟ ಬಂದಾಗ ಅವರ ಬದಲು ಹೇಳಬೇಕೆಂದು ಕಲಿಸಿದ್ದೆನಲ್ಲ. ವರ್ಷವಿಡೀ ನನ್ನ ಹತ್ತಿರ ಅವಳು ಸರಿಯಾಗಿ ಕಲಿತದ್ದು ಅದೊಂದೇ.

ಸೊಸೆ ನನ್ನನ್ನು ಕೇಳಿದಳು: "ಹೌದಾ ಮಾವ?"

"ನಾನು ಒಳಗೆ ಇದ್ದೆ" ಎಂದೆ. "ನನಗೆ ಗೊತ್ತಾಗ್ಲಿಲ್ಲ."

ಟೀಚರ್ ನನ್ನನ್ನು ನೋಡಿದರು. ಅವರಿಗೆ ಗೊತ್ತಿತ್ತು. ಅವರು ಟ್ಯಾಬನ್ನು ಮುಚ್ಚಿ ಕಪಾಟಿನಲ್ಲಿಟ್ಟರು. ಮಾತಾಡಿದ್ದರೆ ಕೆಲಸಕ್ಕೆ ಕುತ್ತು ಬರುತ್ತಿತ್ತು. ಆ ಭಯವನ್ನು ಅವರಲ್ಲಿ ಹುಟ್ಟಿಸಿದವನೂ ನಾನೇ.

ಮನೆಗೆ ಬಂದ ಮೇಲೆ ಮಗುವಿಗೆ ಏಟು ಬಿತ್ತು. ಓದು ಬಾರದ್ದಕ್ಕಲ್ಲ, ಸುಳ್ಳು ಹೇಳಿ ಅಜ್ಜನಿಗೆ ಮೋಸ ಮಾಡಿದ್ದಕ್ಕೆ. "ಅಜ್ಜ ನಿನ್ನನ್ನು ಎಷ್ಟು ನಂಬ್ತಾರೆ" ಎಂದು ಹೇಳುತ್ತಲೇ ಸೊಸೆ ಹೊಡೆದಳು. ನಾನು ಪಕ್ಕದಲ್ಲಿದ್ದೆ. "ಸಾಕು, ಬಿಡು" ಎಂದೆ. ಅದನ್ನು ನನ್ನ ದೊಡ್ಡತನವೆಂದು ಮಗ ಆಮೇಲೆ ಹೊಗಳಿದ. ಕೆಳಗಿನ ಮನೆಯ ಹುಡುಗಿ ಹೈಸ್ಕೂಲಿಗೆ ಹೋಗುತ್ತಿದ್ದವಳು, ನಮ್ಮವಳಿಗೆ ಜಡೆ ಹಾಕಿಕೊಡುತ್ತಿದ್ದವಳು. ಅವಳ ತಾಯಿಯ ಹತ್ತಿರ ಸೊಸೆ ಮೆಟ್ಟಿಲಲ್ಲೇ ನಿಂತು ಎರಡು ಮಾತಾಡಿದಳು. ಆ ಹುಡುಗಿ ತಾನು ಆ ಫೋನನ್ನೇ ಮುಟ್ಟಿಲ್ಲವೆಂದು ಅತ್ತಳು. ಯಾರೂ ನಂಬಲಿಲ್ಲ. ಅಂದಿನಿಂದ ಮೊಮ್ಮಗಳು ಕೆಳಗೆ ಆಡಲು ಹೋಗುವುದು ನಿಂತಿತು.

ಸೊಸೆ ಅವಳನ್ನು ಇಂಗ್ಲಿಷ್ ಶಾಲೆಗೆ ಹಾಕಿದಳು. ಅಲ್ಲಿ ಪರೀಕ್ಷೆ ಮಾಡಿ, ಒಂದು ವರ್ಷ ಹಿಂದಕ್ಕೆ ಕೂರಿಸಿದರು. ಟೀಚರ್ ಮರುವರ್ಷ ನಮ್ಮ ಶಾಲೆ ಬಿಟ್ಟರು. ಕಾರಣ ಕೇಳುವ ಕೆಲಸವನ್ನು ಕಮಿಟಿ ನನಗೇ ವಹಿಸಿತ್ತು. ಕೇಳಲಿಲ್ಲ. ಈಗ ಶಾಲೆಯಲ್ಲಿ ಟ್ಯಾಬ್‌ಗಳು ಕಪಾಟಿನಲ್ಲಿವೆ. ಅತಿಥಿಗಳು ಬಂದಾಗ ಚಾರ್ಜ್ ಮಾಡಿ ಮಕ್ಕಳ ಕೈಗೆ ಕೊಡುತ್ತಾರೆ. ಫೋಟೋ ಚೆನ್ನಾಗಿ ಬರುತ್ತದೆ. ಸ್ಮರಣ ಸಂಚಿಕೆಗೆ ನಾನು ಕೊಟ್ಟದ್ದು ಅಂಥದ್ದೊಂದು ಫೋಟೋ.

ಕಣ್ಣಿನ ಆಪರೇಷನ್ ಆದ ಮೇಲೆ ಒಂದು ಬೆಳಿಗ್ಗೆ ಧಾರಾವಿಗೆ ಹೋಗಿ ವಿಚಾರಿಸುತ್ತ ಟೀಚರ ಮನೆ ಹುಡುಕಿದೆ. ಕೆಳಗೆ ತಂದೆಯ ಕೆಲಸದ ಕೋಣೆ, ಅಂಟಿನ ವಾಸನೆ, ಮೇಲೆ ಮನೆ. ಅವರೀಗ ಮನೆಯಲ್ಲೇ ಓಣಿಯ ಮಕ್ಕಳಿಗೆ ಪಾಠ ಹೇಳುತ್ತಾರೆ. ಒಂದೇ ಹಳೆಯ ಫೋನು, ಅದರ ಸುತ್ತ ಚಾಪೆಯ ಮೇಲೆ ಮಕ್ಕಳು. ನನ್ನನ್ನು ಕಂಡು ಎದ್ದು ನಿಂತರು, ನೀರು ಕೊಟ್ಟರು. ನಾನು ಎಲ್ಲವನ್ನೂ ಹೇಳಿದೆ. ಕೈ ಮುಗಿದು ತಪ್ಪಾಯಿತು ಎಂದೆ.

ಅವರು ಮಕ್ಕಳಿಗೆ ಪಾಠ ಮುಂದುವರಿಸಲು ಹೇಳಿ ನನ್ನ ಕಡೆ ತಿರುಗಿದರು.

"ನನಗ ಯಾಕ ಹೇಳ್ತೀರ್ರಿ ಅಜ್ಜಾರ?" ಎಂದರು. "ನನಗ ಆವತ್ತ ಗೊತ್ತಿತ್ತು. ಆ ಕೂಸು ನಿಮ್ಮ ಸಲುವಾಗಿ ಏಟು ತಿಂದೈತಿ. ಅಕೀಗೆ ಹೇಳೀರೇನು?"

"ಇಲ್ಲ."

"ಮತ್ತ ಇಲ್ಲೀತನಾ ಯಾಕ ಬಂದ್ರಿ? ನಿಮ್ಮ ಮನ್ಯಾಗ ಅಕಿ ಅದಾಳಲ್ಲ."

ಬರುವಾಗ ಕೆಳಗಿನ ಮನೆಯವರ ಬಾಗಿಲು ತಟ್ಟಿ ಆ ಹುಡುಗಿಯ ತಾಯಿಗೂ ಹೇಳಿದೆ. ಆ ತಾಯಿ, "ಜಾನೇ ದೋ ಅಂಕಲ್" ಎಂದು ಬಾಗಿಲು ಹಾಕಿಕೊಂಡರು. ಸೊಸೆಗೆ, ಮಗನಿಗೆ ಆ ಸಂಜೆಯೇ ಹೇಳಿದೆ. ಸೊಸೆ ಮೆಲ್ಲಗೆ ಎದ್ದು ಒಳಗೆ ಹೋದಳು. ನನ್ನ ತಟ್ಟೆಗೆ ಬಡಿಸುವುದನ್ನು ಬಿಡಲಿಲ್ಲ, ಮಾತಾಡುವುದನ್ನು ಬಿಟ್ಟಳು. ಅದು ನನಗೆ ಸಲ್ಲಬೇಕಾದದ್ದೇ. ಮಗು ಆಗ ಟ್ಯೂಷನ್ನಿಗೆ ಹೋಗಿತ್ತು. ಮಗು ಇಲ್ಲದ ಹೊತ್ತನ್ನು ನೋಡಿಯೇ ನಾನು ಹೇಳಿದ್ದೆ. ಮಗುವಿಗೆ ಈ ಮಾತು ನಾವು ಹೇಳುವುದಿಲ್ಲ, ಹೇಳಬೇಕಾದವರು ನೀವು ಎಂದ ಮಗ.

ಮೊಮ್ಮಗಳು ಈಗ ಉದ್ದವಾಗಿದ್ದಾಳೆ. ಇಂಗ್ಲಿಷನ್ನು ಬೆರಳಿಟ್ಟು ನಿಧಾನವಾಗಿ ಓದುತ್ತಾಳೆ. ಯಾರಾದರೂ ಏನಾದರೂ ಓದು ಎಂದರೆ ಇಂದಿಗೂ ಮೊದಲು ಕಾಗದವನ್ನು ನೋಡುವುದಿಲ್ಲ, ಎದುರಿಗಿರುವವರ ಮುಖ ನೋಡುತ್ತಾಳೆ. ಕನ್ನಡ ಅಕ್ಷರ ಅವಳಿಗೆ ಮರೆತೇಹೋಗಿದೆ. ಕನ್ನಡ ಉಳಿಸಲೆಂದು ಮೈಕು ಹಿಡಿದವನು ನಾನು.

ಮೊನ್ನೆ ಇದನ್ನು ಬರೆಯುತ್ತಿದ್ದಾಗ ಪಕ್ಕಕ್ಕೆ ಬಂದು ಕೂತಳು.

"ಅಜ್ಜ, ಕ್ಯಾ ಲಿಖ್ ರಹೇ ಹೋ?"

"ಶಾಲೆಯದ್ದು" ಎಂದೆ.

"ನಂದು ಇದೆಯಾ ಅದ್ರಲ್ಲಿ?"

ಇದೆ ಎಂದೆ. ಅವಳು ಹಾಳೆಯ ಮೇಲೆ ಕಣ್ಣಾಡಿಸಿದಳು, ಗೋಡೆಯ ಮೇಲಿನ ಬಿರುಕನ್ನು ನೋಡಿದ ಹಾಗೆ. ಆಮೇಲೆ ನನ್ನ ಮುಖ ನೋಡಿದಳು, ನಾನೇ ಓದಿ ಹೇಳುತ್ತೇನೆಂದು. ನನ್ನ ತುಟಿ ಅಲುಗಲಿಲ್ಲ. ಅವಳು ಸ್ವಲ್ಪ ಹೊತ್ತು ಕಾದು, ಎದ್ದು ಹೋದಳು.

ಟೀಚರ ಹತ್ತಿರ ಹೇಳಿದೆ, ಕೆಳಗಿನ ಮನೆಯವರ ಹತ್ತಿರ ಹೇಳಿದೆ, ಸೊಸೆಯ ಹತ್ತಿರ ಹೇಳಿದೆ, ಈಗ ಗುರುತು ಪರಿಚಯ ಇಲ್ಲದ ನಿಮಗೂ ಅವಳು ಓದಲಾರದ ಅಕ್ಷರದಲ್ಲಿ ಹೇಳಿದೆ. ತಪ್ಪಾಯಿತು ಎಂದು ಹೇಳದೆ ಉಳಿದಿರುವುದು ಒಬ್ಬಳ ಹತ್ತಿರ. ಅವಳು ನನ್ನ ಮೊಮ್ಮಗಳು.